ಕಾರ್ಡ್ ಖಾಲಿ ಮಾಡುವ ಮೊದಲು

ರಿಸೆಪ್ಷನ್ ಮುಗಿಸಿ ಚಿಕ್ಕಮಗಳೂರಿನ ನಮ್ಮ ಸ್ಟುಡಿಯೋಗೆ ವಾಪಸ್ ಬಂದಾಗ ರಾತ್ರಿ ಹನ್ನೊಂದೂವರೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಶೂ ಬಿಚ್ಚುವ ಮೊದಲೇ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪ್‌ಗೆ ಹಾಕಿದ್ದ. ನಾನು ಮುಖ ತೊಳೆದು, ಒಂದು ಲೋಟ ನೀರು ಕುಡಿದು, ಬ್ಯಾಟರಿಗಳನ್ನು ಚಾರ್ಜಿಗೆ ಇಟ್ಟು ಬರುವಷ್ಟರಲ್ಲಿ ಅವನ ಪ್ರಶ್ನೆ ಬಂತು.

“ಅಣ್ಣಾ, ಫೋಟೋ ಎಲ್ಲಾ ಬಂತು. ಕಾರ್ಡ್ ಫಾರ್ಮ್ಯಾಟ್ ಮಾಡ್ಲಾ? ನಾಳೆ ಬೆಳಿಗ್ಗೆ ಮೂಡಿಗೆರೆ ಕಡೆ ಶೂಟ್ ಇದೆಯಲ್ಲ.”

“ಎಲ್ಲಿಗೆ ಬಂತು?” ಅಂದೆ.

“ಲೈಟ್‌ರೂಮ್‌ಗೆ.”

ಗೊಂದಲ ಇರುವುದು ಈ ಉತ್ತರದಲ್ಲೇ. ಫೋಟೋ ಜೋಡಿಸಲು, ತಿದ್ದಲು ನಾವು ಬಳಸುವ ಸಾಫ್ಟ್‌ವೇರ್ ಆದ ಲೈಟ್‌ರೂಮ್ ಕ್ಲಾಸಿಕ್‌ನ ಒಳಗೆ ಫೋಟೋ ಕೂರುವುದೇ ಇಲ್ಲ. ಫೋಟೋ ಕೂರುವುದು ಡಿಸ್ಕಿನಲ್ಲಿ, ಯಾವುದೋ ಒಂದು ಫೋಲ್ಡರಿನಲ್ಲಿ. ಲೈಟ್‌ರೂಮ್ ತನ್ನ ಬಳಿ ಇಟ್ಟುಕೊಳ್ಳುವುದು ಒಂದು ಲೆಕ್ಕದ ಪುಸ್ತಕ. ಅದಕ್ಕೆ ಕ್ಯಾಟಲಾಗ್ ಎಂದು ಹೆಸರು. ಯಾವ ಫೋಟೋ ಎಲ್ಲಿದೆ, ಅದಕ್ಕೆ ಎಷ್ಟು ಸ್ಟಾರ್ ಕೊಟ್ಟಿದ್ದೀರಿ, ಎಷ್ಟು ಬೆಳಕು ಏರಿಸಿದ್ದೀರಿ, ಎಲ್ಲಿ ಕತ್ತರಿಸಿದ್ದೀರಿ ಎಂಬ ವಿವರ, ಜೊತೆಗೆ ನೋಡಲು ಒಂದು ಚಿಕ್ಕ ಚಿತ್ರ. ಅಷ್ಟೇ.

ನಮ್ಮ ಊರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಡಿಸೆಂಬರ್ ಹೊತ್ತಿಗೆ ಯಾವುದಾದರೂ ಕಾಫಿ ತೋಟಕ್ಕೆ ಸಂಜೆ ಹೋಗಿ ನಿಂತರೆ ಸಾಕು. ಹಣ್ಣು ಕೊಯ್ದವರು ಚೀಲ ಹೊತ್ತು ಬಂದು ಸಾಲಾಗಿ ನಿಲ್ಲುತ್ತಾರೆ. ಒಂದೊಂದೇ ಚೀಲ ತೂಕಕ್ಕೆ ಏರುತ್ತದೆ. ರೈಟರ್ ತೂಕ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹಣ್ಣು ಸಿಪ್ಪೆ ಬಿಡಿಸುವ ಪಲ್ಪರ್ ಕಡೆಗೋ ಕಣಕ್ಕೋ ಹೋಗುತ್ತದೆ. ಇಲ್ಲಿ ನಡೆದದ್ದು ಎರಡು ಕೆಲಸ. ಹಣ್ಣು ಜಾಗ ಬದಲಿಸಿತು. ಪುಸ್ತಕದಲ್ಲಿ ಒಂದು ಸಾಲು ಬಿತ್ತು. ಪುಸ್ತಕದಲ್ಲಿ 60 ಕೆಜಿ ಅಂತ ಬರೆದ ಮಾತ್ರಕ್ಕೆ ಕಣದಲ್ಲಿ 60 ಕೆಜಿ ಇರಲೇಬೇಕು ಅಂತೇನಿಲ್ಲ, ಅಲ್ವಾ?

ಇಂಪೋರ್ಟ್ ಎಂಬ ಒಂದು ಬಟನ್ ಹಿಂದೆ ಇರುವುದೂ ಇವೇ ಎರಡು ಕೆಲಸ. ಕಾರ್ಡಿನಿಂದ ಡಿಸ್ಕಿಗೆ ನಕಲು ಮಾಡುವುದು ಒಂದು. ಆ ನಕಲನ್ನು ಪುಸ್ತಕಕ್ಕೆ ಸೇರಿಸುವುದು ಇನ್ನೊಂದು. ಸಾಫ್ಟ್‌ವೇರ್ ಎರಡನ್ನೂ ಒಟ್ಟಿಗೆ ಮಾಡಬಹುದು, ಎರಡನೆಯದನ್ನು ಮಾತ್ರವೂ ಮಾಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅದೇ ಅಪಾಯ.

ನಾನು ಇದನ್ನು ಕಲಿತದ್ದು ಆಲ್ದೂರು ಹತ್ತಿರದ ಒಂದು ಮನೆಯ ನಾಮಕರಣದಲ್ಲಿ. ಸುಮಾರು ಆರುನೂರು ಫೋಟೋ ತೆಗೆದಿದ್ದೆ. ರಾತ್ರಿ ಬಂದು ಕಾರ್ಡ್ ಹಾಕಿ, ಆಗ ಬಳಸುತ್ತಿದ್ದ ಸಾಫ್ಟ್‌ವೇರ್‌ನಲ್ಲಿ ಸೇರಿಸು ಎಂಬ ಬಟನ್ ಒತ್ತಿದೆ. ಆರುನೂರೂ ಚಿತ್ರ ಪರದೆ ತುಂಬ ಬಂದು ಕೂತವು. ಖುಷಿಯಾಗಿ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಮಾರನೇ ದಿನ ಅದೇ ಕಾರ್ಡಿನಲ್ಲಿ ಬೇರೆ ಕಡೆ ನೂರೈವತ್ತು ಫೋಟೋ ತೆಗೆದೆ. ಮೂರನೇ ದಿನ ಆಲ್ಬಮ್‌ಗೆ ಫೋಟೋ ಹೊರತೆಗೆಯಲು ಕೂತರೆ, ಫೈಲ್ ಸಿಗುತ್ತಿಲ್ಲ ಎಂಬ ಸಂದೇಶ. ಒಂದಕ್ಕಲ್ಲ, ಎಲ್ಲದಕ್ಕೂ. ಸಾಫ್ಟ್‌ವೇರ್‌ನ ತಪ್ಪೇನಿರಲಿಲ್ಲ. “ಕಾರ್ಡಿನಲ್ಲಿರುವ ಫೋಟೋಗಳನ್ನು ಪುಸ್ತಕಕ್ಕೆ ಬರೆದುಕೋ” ಎಂದು ನಾನೇ ಹೇಳಿದ್ದೆ. ಅದು ಬರೆದುಕೊಂಡಿತ್ತು. ನಕಲು ಮಾಡು ಅಂತ ನಾನು ಹೇಳಿರಲಿಲ್ಲ. ಆಮೇಲೆ ಏನಾಯಿತು ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕಾರ್ಡಿನ ಒಳಗೆ

ಮೊದಲು ಕಾರ್ಡ್ ಅಂದರೆ ಏನು ಅಂತ ನೋಡೋಣ. ಕ್ಯಾಮೆರಾದಿಂದ ತೆಗೆದ ಕಾರ್ಡನ್ನು ಕಂಪ್ಯೂಟರಿನಲ್ಲಿ ತೆರೆದರೆ ಡಿಸಿಐಎಂ ಎಂಬ ಫೋಲ್ಡರ್ ಕಾಣುತ್ತದೆ. ಯಾವ ಕಂಪನಿಯ ಕ್ಯಾಮೆರಾ ಆದರೂ ಇದೇ ಹೆಸರು. ಮೊಬೈಲಿನಲ್ಲೂ ಇದೇ ಹೆಸರು. ಒಂದರ ಕಾರ್ಡ್ ಇನ್ನೊಂದರಲ್ಲಿ ಓದಲು ಬರಲಿ ಎಂದು ಜಪಾನಿನ ಕ್ಯಾಮೆರಾ ಉದ್ಯಮದವರು 1990ರ ದಶಕದ ಕೊನೆಯಲ್ಲಿ ಒಪ್ಪಿಕೊಂಡ ನಿಯಮ ಇದು. ಅದರೊಳಗೆ 100ರಿಂದ ಶುರುವಾಗುವ ಸಂಖ್ಯೆಯ ಫೋಲ್ಡರ್‌ಗಳು. ಅವುಗಳೊಳಗೆ ಎಂಟು ಅಕ್ಷರದ ಹೆಸರಿನ ಫೋಟೋಗಳು. ಹೆಸರಿನ ಕೊನೆಯ ನಾಲ್ಕು ಜಾಗ ಅಂಕಿಗೆ ಮೀಸಲು.

ನಾಲ್ಕೇ ಅಂಕಿ ಎಂಬುದನ್ನು ಮರೆಯಬೇಡಿ. 9999 ಆದ ಮೇಲೆ ಎಣಿಕೆ ಮತ್ತೆ 0001ಕ್ಕೆ ಬರುತ್ತದೆ. ಸೀಸನ್‌ನಲ್ಲಿ ವಾರಕ್ಕೆ ಮೂರು ಮದುವೆ ಮಾಡುವವರಿಗೆ ಹತ್ತು ಸಾವಿರ ದಾಟಲು ಎಷ್ಟು ದಿನ ಬೇಕು? ಇನ್ನು ಒಂದೇ ಕಂಪನಿಯ ಎರಡು ಕ್ಯಾಮೆರಾ ಇದ್ದರಂತೂ 4512 ಎಂಬ ಸಂಖ್ಯೆಯ ಫೋಟೋ ಎರಡು ಇರುವುದು ಮಾಮೂಲು. ಒಂದರಲ್ಲಿ ಹುಡುಗಿಯ ಅಮ್ಮ ಧಾರೆ ಎರೆಯುತ್ತಿದ್ದಾರೆ, ಇನ್ನೊಂದರಲ್ಲಿ ಯಾರೋ ಐಸ್‌ಕ್ರೀಂ ತಿನ್ನುತ್ತಿದ್ದಾರೆ. ಎರಡನ್ನೂ ಒಂದೇ ಫೋಲ್ಡರಿಗೆ ಎಳೆದು ಹಾಕಿದರೆ ಕಂಪ್ಯೂಟರ್ ಕೇಳುತ್ತದೆ: ಹಳೆಯದರ ಜಾಗದಲ್ಲಿ ಹೊಸದನ್ನು ಹಾಕಲೇ? ನಿದ್ದೆಗಣ್ಣಿನಲ್ಲಿ ಹೂಂ ಅಂದರೆ ಧಾರೆ ಹೋಯಿತು, ಐಸ್‌ಕ್ರೀಂ ಉಳಿಯಿತು. ಹಾಗಾಗಿ ನಮ್ಮಲ್ಲಿ ಕಾರ್ಡಿಗೊಂದು ಫೋಲ್ಡರ್. ದಿನಾಂಕ, ಊರು, ಯಾವ ಕ್ಯಾಮೆರಾ, ಎಷ್ಟನೇ ಕಾರ್ಡ್ ಎಂದು ಅದರ ಹೆಸರಿನಲ್ಲೇ ಬರೆದಿರುತ್ತೇವೆ. ಬೇಕಿದ್ದರೆ ಇಂಪೋರ್ಟ್ ಮಾಡುವಾಗ ಫೋಟೋಗಳಿಗೂ ಹೊಸ ಹೆಸರು ಕೊಡಿಸಬಹುದು.

ಡಿಸಿಐಎಂ ಒಂದೇ ಸಾಕು ಅಂತಲೂ ತಿಳಿಯಬೇಡಿ. ಕೆಲವು ಕ್ಯಾಮೆರಾಗಳು ವಿಡಿಯೋವನ್ನು ಬೇರೆ ಕಡೆ ಇಡುತ್ತವೆ. ಸೋನಿ ಕ್ಯಾಮೆರಾಗಳಲ್ಲಿ ಪ್ರೈವೇಟ್ ಎಂಬ ಫೋಲ್ಡರ್, ಅದರೊಳಗೆ ಎಂ4ರೂಟ್, ಅದರೊಳಗೆ ಕ್ಲಿಪ್. ಡಿಸಿಐಎಂ ಮಾತ್ರ ನಕಲು ಮಾಡಿ ಕಾರ್ಡ್ ಅಳಿಸಿ, ಆಮೇಲೆ “ವಿಡಿಯೋ ಎಲ್ಲಿ ಹೋಯ್ತು?” ಅಂತ ತಲೆ ಕೆರೆದುಕೊಳ್ಳುವವರನ್ನು ನೋಡಿದ್ದೇನೆ. ಆರಿಸಿ ಆರಿಸಿ ನಕಲು ಮಾಡುವುದೇ ಬೇಡ. ಕಾರ್ಡಿನಲ್ಲಿ ಏನಿದೆಯೋ ಅಷ್ಟನ್ನೂ ತೆಗೆದುಕೊಳ್ಳಿ. ಆರಿಸುವ ಕೆಲಸಕ್ಕೆ ಬೆಳಗಾಗಲಿ.

ಈ ಫೋಲ್ಡರ್‌ಗಳ ಕೆಳಗೆ ಇನ್ನೊಂದು ಪದರ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಯಾವ ಫೋಟೋ ಕಾರ್ಡಿನ ಯಾವ ಯಾವ ತುಂಡುಗಳಲ್ಲಿ ಬರೆದಿದೆ ಎಂಬ ಪಟ್ಟಿ. 32 ಜಿಬಿವರೆಗಿನ ಈಗಿನ ಎಸ್‌ಡಿ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಫ್ಯಾಟ್32 ಎಂಬ ಪದ್ಧತಿಯ ಪಟ್ಟಿ, ಅದಕ್ಕಿಂತ ದೊಡ್ಡವುಗಳಲ್ಲಿ ಎಕ್ಸ್‌ಫ್ಯಾಟ್. ಫೋಟೋ ಬರೆಯುವಾಗ ಕ್ಯಾಮೆರಾ ಫೋಟೋವನ್ನೂ ಬರೆಯಬೇಕು, ಪಟ್ಟಿಯನ್ನೂ ತಿದ್ದಬೇಕು. ಇವೆರಡರ ನಡುವೆ ಬ್ಯಾಟರಿ ಸತ್ತರೆ ಅಥವಾ ಯಾರಾದರೂ ಬಾಗಿಲು ತೆಗೆದು ಕಾರ್ಡ್ ಎಳೆದರೆ, ಫೋಟೋ ಇದ್ದೂ ಪಟ್ಟಿಯಲ್ಲಿ ಇಲ್ಲದಂತೆ ಆಗುತ್ತದೆ. ಕೆಲವೊಮ್ಮೆ ಪಟ್ಟಿಯೇ ಕೆಡುತ್ತದೆ. ಕ್ಯಾಮೆರಾದ ಹಿಂದೆ ಮಿಣುಕುವ ಪುಟ್ಟ ದೀಪ ಇದನ್ನೇ ಹೇಳುತ್ತಿರುತ್ತದೆ: ಬರೆಯುತ್ತಿದ್ದೇನೆ, ಮುಟ್ಟಬೇಡ. ಮಾಂಗಲ್ಯಧಾರಣೆ ಹೊತ್ತಿನಲ್ಲಿ ಟಪಟಪ ಅಂತ ಇಪ್ಪತ್ತು ಫೋಟೋ ತೆಗೆದು, ತಕ್ಷಣ ಕಾರ್ಡ್ ಬದಲಿಸಲು ಹೋಗುವಾಗ ಆ ದೀಪ ಆರುವ ತನಕ ಕಾಯಬೇಕು. ಸುಮ್ನೆ ಒಂದೈದು ಸೆಕೆಂಡು, ಅಷ್ಟೇ. ಆದರೆ ಆ ಹೊತ್ತಿನಲ್ಲಿ ಐದು ಸೆಕೆಂಡು ಎಷ್ಟು ಉದ್ದ ಅಂತ ಮದುವೆ ಫೋಟೋ ತೆಗೆದವರಿಗೇ ಗೊತ್ತು.

ಕಾರ್ಡಿನಿಂದ ಡಿಸ್ಕಿಗೆ

ಕಾರ್ಡ್ ಹೊರಗೆ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ, ಅದರ ಎಡಬದಿಯ ಪುಟ್ಟ ಗುಂಡಿಯನ್ನು ಲಾಕ್ ಕಡೆಗೆ ಜಾರಿಸುವುದು. ಈ ಗುಂಡಿಯ ಬಗ್ಗೆ ಒಂದು ತಮಾಷೆ ಇದೆ. ಅದಕ್ಕೂ ಕಾರ್ಡಿನೊಳಗಿನ ಚಿಪ್ಪಿಗೂ ಯಾವ ಸಂಪರ್ಕವೂ ಇಲ್ಲ. ಅದು ಬರೀ ಪ್ಲಾಸ್ಟಿಕ್. ಅದು ಎಲ್ಲಿದೆ ಎಂದು ನೋಡಿ ಬರೆಯದೆ ಸುಮ್ಮನಿರುವ ಜವಾಬ್ದಾರಿ ಕಾರ್ಡ್ ರೀಡರಿನದ್ದು. ಹಳೆಯ ಕ್ಯಾಸೆಟ್ಟಿನ ಮೂಲೆಯ ಚೂರು ಮುರಿದರೆ ಟೇಪ್ ರೆಕಾರ್ಡರ್ ರೆಕಾರ್ಡ್ ಮಾಡುತ್ತಿರಲಿಲ್ಲವಲ್ಲ, ಹಾಗೆಯೇ. ಮೈಕ್ರೋ ಎಸ್‌ಡಿಯಲ್ಲಿ ಈ ಗುಂಡಿ ಇಲ್ಲ, ಹೊಸ ಸಿಎಫ್ ಎಕ್ಸ್‌ಪ್ರೆಸ್ ಕಾರ್ಡುಗಳಲ್ಲೂ ಇಲ್ಲ.

ಓದುವುದಕ್ಕೆ ಮಾತ್ರ ಹಾಕುವ ಕಾರ್ಡಿಗೆ ಲಾಕ್ ಯಾಕೆ? ಯಾಕೆಂದರೆ ಕಂಪ್ಯೂಟರ್ ಸುಮ್ಮನೆ ಓದುವುದಿಲ್ಲ. ಮ್ಯಾಕ್ ಆದರೆ ತನ್ನ ಹುಡುಕಾಟದ ಅನುಕೂಲಕ್ಕೆ ಕಣ್ಣಿಗೆ ಕಾಣದ ಸಣ್ಣ ಫೈಲ್‌ಗಳನ್ನು ಕಾರ್ಡಿನಲ್ಲಿ ಬರೆದಿಡುತ್ತದೆ. ವಿಂಡೋಸ್ ಆದರೆ ಕೆಲವೊಮ್ಮೆ “ಈ ಡ್ರೈವ್‌ನಲ್ಲಿ ತೊಂದರೆ ಇದೆ, ಸರಿ ಮಾಡಲೇ?” ಎಂದು ಕೇಳುತ್ತದೆ. ಫೋಟೋ ಇನ್ನೂ ನಕಲಾಗದ ಕಾರ್ಡಿನ ಮೇಲೆ ಆ ಉಪಕಾರ ಬೇಡ. ಅದು ಸರಿ ಮಾಡುವುದು ತನ್ನ ಪಟ್ಟಿಯನ್ನು, ನಿಮ್ಮ ಫೋಟೋವನ್ನಲ್ಲ. ಪಟ್ಟಿಗೆ ಹೊಂದದ ತುಂಡುಗಳನ್ನು ಕತ್ತರಿಸಿ ಹಾಕಲೂಬಹುದು. ಮೊದಲು ನಕಲು, ಆಮೇಲೆ ರಿಪೇರಿ.

ಕ್ಯಾಮೆರಾಗೇ ಕೇಬಲ್ ಹಾಕಿ ನಕಲು ಮಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಮಾಡಬಹುದು. ಆದರೆ ಕ್ಯಾಮೆರಾ ಬ್ಯಾಟರಿ ಖರ್ಚಾಗುತ್ತದೆ, ನಡುವೆ ಅದು ಮುಗಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನಾನು ಒಳ್ಳೆಯ ಕಾರ್ಡ್ ರೀಡರ್ ಕಡೆಗೆ. ವೇಗದ ವ್ಯತ್ಯಾಸ ಜಾಸ್ತಿಯೇ ಇದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್, ಅಂದರೆ ಸಂಸ್ಕರಿಸದೆ ಉಳಿಸಿದ ಮೂಲ ಫೋಟೋ, 30 ಎಂಬಿ ಅಂದುಕೊಳ್ಳಿ. ಸಾವಿರ ಫೋಟೋಗೆ 30 ಜಿಬಿ. ಹಳೆಯ ಯುಎಸ್‌ಬಿ 2 ರೀಡರ್ ಸೆಕೆಂಡಿಗೆ 30 ಎಂಬಿ ಓದಿದರೆ ಹದಿನೇಳು ನಿಮಿಷ. ಯುಎಸ್‌ಬಿ 3 ರೀಡರ್ 90 ಎಂಬಿ ಓದಿದರೆ ಆರು ನಿಮಿಷದೊಳಗೆ ಮುಗಿಯಿತು. ರಾತ್ರಿ ಹನ್ನೆರಡಕ್ಕೆ ನಾಲ್ಕು ಕಾರ್ಡ್ ಇಟ್ಟುಕೊಂಡು ಕೂತಾಗ ಈ ಲೆಕ್ಕ ಅರ್ಥವಾಗುತ್ತದೆ. ಅವಸರದಲ್ಲಿ ತಪ್ಪು ಮಾಡುವುದು ಕಾದು ಕಾದು ಸಾಕಾದಾಗಲೇ.

ಇನ್ನು ಸಾಫ್ಟ್‌ವೇರ್. ಲೈಟ್‌ರೂಮ್ ಕ್ಲಾಸಿಕ್‌ನ ಇಂಪೋರ್ಟ್ ಕಿಟಕಿಯ ಮೇಲೆ ನಾಲ್ಕು ಆಯ್ಕೆಗಳಿವೆ: ಕಾಪಿ ಆ್ಯಸ್ ಡಿಎನ್‌ಜಿ, ಕಾಪಿ, ಮೂವ್, ಆ್ಯಡ್. ಕಾಪಿ ಅಂದರೆ ನಕಲು ಮಾಡಿ ಪುಸ್ತಕಕ್ಕೆ ಬರೆ. ಮೊದಲನೆಯದು ಅದನ್ನೇ ಮಾಡುತ್ತದೆ, ಜೊತೆಗೆ ರಾ ಫೈಲನ್ನು ಡಿಎನ್‌ಜಿ ರೂಪಕ್ಕೆ ತಿರುಗಿಸುತ್ತದೆ. ಮೂವ್ ಅಂದರೆ ನಕಲು ಮಾಡಿ ಮೂಲವನ್ನು ಅಳಿಸು. ಆ್ಯಡ್ ಅಂದರೆ ಫೋಟೋ ಇದ್ದಲ್ಲೇ ಇರಲಿ, ಪುಸ್ತಕಕ್ಕೆ ಮಾತ್ರ ಬರೆ. ಕಾರ್ಡನ್ನು ಮೂಲವಾಗಿ ಆರಿಸಿದರೆ ಕೊನೆಯ ಎರಡನ್ನು ಒತ್ತಲು ಬರುವುದಿಲ್ಲ, ಮಂಕಾಗಿರುತ್ತವೆ. ಮಾಡಿದವರು ನನ್ನಂಥವರನ್ನು ನೋಡಿಯೇ ಹಾಗೆ ಮಾಡಿರಬೇಕು. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್‌ನಲ್ಲೂ ಎರಡು ಬಟನ್ ಬೇರೆ ಬೇರೆ ಇವೆ. ಒಂದು ಲೈಬ್ರರಿಗೆ ಸೇರಿಸುವುದು, ಇನ್ನೊಂದು ನಕಲು ಮಾಡಿ ಸೇರಿಸುವುದು. ಯಾವ ಸಾಫ್ಟ್‌ವೇರ್ ಆದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಬಟನ್ ಹಣ್ಣು ಸಾಗಿಸುತ್ತದೋ, ಬರೀ ಬರೆದುಕೊಳ್ಳುತ್ತದೋ?

ಲೈಟ್‌ರೂಮ್‌ನ ಇಂಪೋರ್ಟ್ ಕಿಟಕಿಯ ಬಲಗಡೆ ಎರಡು ಟಿಕ್ ಗುರುತುಗಳಿವೆ, ಅವು ಕೆಲಸಕ್ಕೆ ಬರುತ್ತವೆ. ಒಂದು, ಈಗಾಗಲೇ ಬಂದಿರುವ ಫೋಟೋ ಅಂತ ಅನುಮಾನ ಬಂದರೆ ಬಿಟ್ಟುಬಿಡು ಎಂಬುದು. ಮೂಲ ಹೆಸರು, ತೆಗೆದ ಸಮಯ, ಫೈಲಿನ ಗಾತ್ರ ಮೂರನ್ನೂ ಹೋಲಿಸಿ ಅದು ನಿರ್ಧರಿಸುತ್ತದೆ. ಒಂದೇ ಕಾರ್ಡನ್ನು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಹಾಕುವವರಿಗೆ ಇದು ಬೇಕೇ ಬೇಕು. ಇನ್ನೊಂದು, ಎರಡನೇ ನಕಲನ್ನು ಬೇರೆ ಕಡೆ ಇಡು ಎಂಬುದು. ಇದು ಒಳ್ಳೆಯದೇ, ಆದರೆ ಆ ಬೇರೆ ಕಡೆ ನಿಜವಾಗಿ ಬೇರೆ ಡಿಸ್ಕ್ ಆಗಿರಬೇಕು. ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿಗೆ ಹಾಕಿದರೆ, ಒಂದೇ ಜೇಬಿನಲ್ಲಿ ಎರಡು ಪರ್ಸ್ ಇಟ್ಟುಕೊಂಡ ಹಾಗೆ.

ನಾನಂತೂ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿಯೇ ಮಾಡುತ್ತೇನೆ. ಮೊದಲು ಸಾಫ್ಟ್‌ವೇರ್ ತೆರೆಯದೆ ಕಾರ್ಡಿನಿಂದ ಲ್ಯಾಪ್‌ಟಾಪ್‌ಗೆ ಪೂರ್ತಿ ನಕಲು. ಮತ್ತೆ ಅದೇ ಕಾರ್ಡಿನಿಂದ ಹೊರಗಿನ ಹಾರ್ಡ್ ಡಿಸ್ಕಿಗೆ ಇನ್ನೊಂದು ನಕಲು. ಲ್ಯಾಪ್‌ಟಾಪ್‌ನಿಂದ ಹಾರ್ಡ್ ಡಿಸ್ಕಿಗೆ ಮಾಡಿದರೆ ಬೇಗ ಆಗುತ್ತದೆ, ನಿಜ. ಆದರೆ ಮೊದಲನೇ ನಕಲಿನಲ್ಲಿ ದೋಷ ಇದ್ದರೆ ಅದೇ ದೋಷ ಎರಡನೆಯದಕ್ಕೂ ಹೋಗುತ್ತದೆ. ಕಾರ್ಡಿನಿಂದಲೇ ಎರಡು ಸಲ ಓದಿಸಿದರೆ ಎರಡೂ ಸ್ವತಂತ್ರ. ಇಷ್ಟಾದ ಮೇಲೆ ಲೈಟ್‌ರೂಮ್ ತೆರೆದು ಲ್ಯಾಪ್‌ಟಾಪ್‌ನ ಫೋಲ್ಡರನ್ನು ಆ್ಯಡ್ ಮಾಡುತ್ತೇನೆ. ರೈಟರ್ ಬರೆಯುವುದು ಹಣ್ಣು ಕಣ ಸೇರಿದ ಮೇಲೆಯೇ.

ಕಟ್ ಮತ್ತು ಪೇಸ್ಟ್ ಬಗ್ಗೆ ಒಂದು ಮಾತು. ಕಾರ್ಡಿನಿಂದ ಕಟ್ ಮಾಡುವುದು ಅಂದರೆ ನಕಲು ಮಾಡಿ, ಮೂಲ ಅಳಿಸುವುದು. ನಡುವೆ ಕೇಬಲ್ ಅಲುಗಾಡಿದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಯಾವುದು ಪೂರ್ತಿ ಬಂದಿದೆ ಅಂತ ಹೋಲಿಸಿ ನೋಡಲು ಮೂಲವೇ ಇರುವುದಿಲ್ಲ. ಕಾರ್ಡಿನ ವಿಷಯದಲ್ಲಿ ಆ ಆಯ್ಕೆ ಇಲ್ಲ ಅಂತಲೇ ಇಟ್ಟುಕೊಳ್ಳಿ.

ಬಂದದ್ದು ಪೂರ್ತಿ ಬಂತೇ?

ನಕಲು ಮುಗಿಯಿತು ಎಂದು ಕಂಪ್ಯೂಟರ್ ಹೇಳಿದರೆ ಸಾಕೇ? ನೂರಕ್ಕೆ ತೊಂಬತ್ತೊಂಬತ್ತು ಸಲ ಸಾಕು. ಉಳಿದ ಒಂದು ಸಲ ಯಾರ ಮದುವೆ ಅಂತ ಮೊದಲೇ ಗೊತ್ತಾಗುವುದಿಲ್ಲ.

ಕಡಿಮೆ ಅಂದರೂ ಎರಡು ಕಡೆಯ ಫೋಲ್ಡರಿನಲ್ಲಿ ಎಷ್ಟು ಫೈಲ್ ಇವೆ, ಒಟ್ಟು ಎಷ್ಟು ಬೈಟ್ ಇದೆ ಎಂದು ಹೋಲಿಸಬೇಕು. ಫೋಲ್ಡರಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಸಿಗುತ್ತದೆ. ಇದು ತೂಕ ನೋಡಿದಂತೆ. ಆದರೆ ತೂಕ ಸರಿ ಇದ್ದ ಮಾತ್ರಕ್ಕೆ ಚೀಲದೊಳಗೆ ಹಣ್ಣೇ ಇದೆ, ಕಲ್ಲು ಸೇರಿಲ್ಲ ಅಂತ ಹೇಳಲಾಗುವುದಿಲ್ಲ. ಅದಕ್ಕೆ ಇನ್ನೊಂದು ವಿಧಾನ ಇದೆ, ಹೆಸರು ಚೆಕ್‌ಸಮ್. ಫೈಲಿನ ಒಂದೊಂದು ಬೈಟನ್ನೂ ಓದಿ, ಲೆಕ್ಕ ಹಾಕಿ, ಕೊನೆಗೆ ಒಂದು ಪುಟ್ಟ ಗುರುತು ತಯಾರಿಸುವುದು. ಎಂಡಿ5 ಎಂಬ ವಿಧಾನದಲ್ಲಿ ಈ ಗುರುತು 32 ಅಕ್ಷರಗಳ ಒಂದು ಸಾಲು. ಫೋಟೋದಲ್ಲಿ ಒಂದೇ ಒಂದು ಬಿಟ್ ಆಚೀಚೆ ಆದರೂ ಸಾಲು ಪೂರ್ತಿ ಬದಲಾಗುತ್ತದೆ. ಕಾರ್ಡಿನ ಫೈಲಿನ ಗುರುತೂ ನಕಲಿನ ಗುರುತೂ ಒಂದೇ ಇದ್ದರೆ ಎರಡೂ ಒಂದೇ. ನಾವು ಕೂತು ಲೆಕ್ಕ ಹಾಕಬೇಕಿಲ್ಲ. ವಿಂಡೋಸ್‌ನಲ್ಲಿ ಟೆರಾಕಾಪಿಯಂಥ ಸಾಧನಗಳಲ್ಲಿ ವೆರಿಫೈ ಎಂಬ ಆಯ್ಕೆ ಇದೆ. ಮ್ಯಾಕ್ ಮತ್ತು ಲಿನಕ್ಸ್‌ನವರಿಗೆ ಆರ್‌ಸಿಂಕ್ ಇದೆ.

ಇಲ್ಲಿ ಒಂದು ಸೂಕ್ಷ್ಮ. ನಕಲು ಮಾಡಿದ ಮರುಕ್ಷಣವೇ ಪರೀಕ್ಷೆ ಮಾಡಿದರೆ, ಕಂಪ್ಯೂಟರ್ ಡಿಸ್ಕನ್ನು ಓದದೆ ತನ್ನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಇನ್ನೂ ಉಳಿದಿರುವ ಪ್ರತಿಯನ್ನೇ ಓದಿ “ಸರಿ ಇದೆ” ಅನ್ನಬಹುದು. ಪ್ರಶ್ನೆಪತ್ರಿಕೆ ಬರೆದವನೇ ಉತ್ತರ ಬರೆದ ಹಾಗೆ. ಹಾಗಾಗಿ ಹೊರಗಿನ ಹಾರ್ಡ್ ಡಿಸ್ಕನ್ನು ಎಜೆಕ್ಟ್ ಮಾಡಿ, ಅಂದರೆ ಕೀಳುತ್ತೇನೆ ಎಂದು ಕಂಪ್ಯೂಟರಿಗೆ ಹೇಳಿ, ಕಿತ್ತು, ಮತ್ತೆ ಹಾಕಿ ಆಮೇಲೆ ಪರೀಕ್ಷೆ ಮಾಡುವುದು ಮೇಲು.

ಎಜೆಕ್ಟ್ ಮಾಡಲೇಬೇಕಾ ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ಕಂಪ್ಯೂಟರ್ ಬರೆಯಬೇಕಾದದ್ದನ್ನು ಕೆಲವೊಮ್ಮೆ ರ‍್ಯಾಮ್‌ನಲ್ಲಿ ಹಿಡಿದಿಟ್ಟುಕೊಂಡು ಬಿಡುವಾದಾಗ ಡಿಸ್ಕಿಗೆ ಇಳಿಸುತ್ತದೆ. ಇಳಿಸುವ ಮೊದಲು ಕಿತ್ತರೆ ಬಾಲ ಕತ್ತರಿಸಿದ ಫೈಲ್ ಉಳಿಯುತ್ತದೆ. ವಿಂಡೋಸ್ 10ರಲ್ಲಿ 2018ರ ಅಕ್ಟೋಬರ್ ಅಪ್‌ಡೇಟ್‌ನಿಂದ ಬೇಗ ಕೀಳಲು ಅನುಕೂಲವಾಗುವ ವ್ಯವಸ್ಥೆಯೇ ಮೊದಲ ಆಯ್ಕೆಯಾಗಿದೆ, ಹಾಗಾಗಿ ಮೊದಲಿನಷ್ಟು ಭಯ ಇಲ್ಲ. ಆದರೂ ಎರಡು ಕ್ಲಿಕ್ಕಿಗೆ ಜಿಪುಣತನ ಯಾಕೆ?

ಇನ್ನೊಂದು ಮೋಸ ಇಂಪೋರ್ಟ್ ಕಿಟಕಿಯಲ್ಲೇ ಇದೆ. ಪ್ರತಿ ರಾ ಫೈಲಿನ ಹೊಟ್ಟೆಯೊಳಗೆ ಕ್ಯಾಮೆರಾ ಒಂದು ಜೆಪೆಗ್ ಚಿತ್ರವನ್ನೂ ಇಟ್ಟಿರುತ್ತದೆ. ಸಾಫ್ಟ್‌ವೇರ್ ಮೊದಲು ತೋರಿಸುವುದು ಅದನ್ನೇ. ಅದು ಚೆನ್ನಾಗಿದ್ದು, ಅಸಲು ರಾ ಭಾಗ ಹರಿದಿರಬಹುದು. ಫೋಟೋ ಮೊದಲು ಚೆಂದ ಕಂಡು, ಎರಡು ಸೆಕೆಂಡಿನಲ್ಲಿ ಅರ್ಧ ಬೂದು ಬಣ್ಣವಾಗುವುದು ಅಥವಾ ಗುಲಾಬಿ ಪಟ್ಟೆ ಬರುವುದು ಈ ಕಾರಣಕ್ಕೆ. ಹಾಗಾಗಿ ಮುಖ್ಯವಾದ ಕೆಲಸವಾದರೆ ಲೈಟ್‌ರೂಮ್‌ಗೆ 1:1 ಪ್ರಿವ್ಯೂ, ಅಂದರೆ ಪೂರ್ತಿ ಗಾತ್ರದ ಚಿತ್ರ, ತಯಾರಿಸಲು ಹೇಳಿ ಮಲಗಿಬಿಡುತ್ತೇನೆ. ಆ ಪ್ರಿವ್ಯೂ ಮಾಡಲು ಅದು ಪ್ರತಿ ರಾ ಫೈಲನ್ನೂ ಪೂರ್ತಿ ಬಿಚ್ಚಲೇಬೇಕು. ಹರಿದದ್ದು ಇದ್ದರೆ ಬೆಳಿಗ್ಗೆ ಕಣ್ಣಿಗೆ ಬೀಳುತ್ತದೆ. ಕಾರ್ಡ್ ಇನ್ನೂ ಹಾಗೇ ಇರುತ್ತದೆ, ಮತ್ತೊಮ್ಮೆ ಓದಿಸಬಹುದು. ರೀಡರಿನದೋ ಕೇಬಲಿನದೋ ತಪ್ಪಾಗಿದ್ದರೆ, ಬೇರೆ ರೀಡರಿನಲ್ಲಿ ಅದೇ ಫೋಟೋ ಸರಿಯಾಗಿ ಬರುತ್ತದೆ.

ಮಳೆಗಾಲದ ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕರೆಂಟ್ ನೆಂಟರ ಥರ. ಬಂದಾಗ ಬಂತು, ಹೋದಾಗ ಹೋಯಿತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ಆದರೆ ಗೋಡೆಯ ಕರೆಂಟಿನಿಂದ ಓಡುವ ದೊಡ್ಡ ಹಾರ್ಡ್ ಡಿಸ್ಕಿಗೆ ಇರುವುದಿಲ್ಲ. ನಕಲಿನ ಮಧ್ಯೆ ಅದು ಟಪ್ ಅಂತ ಆರಿದರೆ ಆಗ ಬರೆಯುತ್ತಿದ್ದ ಫೈಲ್ ಮಾತ್ರವಲ್ಲ, ಡಿಸ್ಕಿನ ಪಟ್ಟಿಯೂ ಕೆಡಬಹುದು. ಒಂದೋ ಯುಪಿಎಸ್ ಇರಲಿ, ಇಲ್ಲವೇ ಲ್ಯಾಪ್‌ಟಾಪ್‌ನಿಂದಲೇ ವಿದ್ಯುತ್ ತೆಗೆದುಕೊಳ್ಳುವ ಚಿಕ್ಕ ಎಸ್‌ಎಸ್‌ಡಿ ಇರಲಿ. ಲ್ಯಾಪ್‌ಟಾಪ್ ನಡುವೆ ನಿದ್ದೆಗೆ ಜಾರದಂತೆ ನೋಡಿಕೊಳ್ಳುವುದೂ ಇದರಲ್ಲೇ ಸೇರಿತು.

ಮುಳ್ಳಯ್ಯನಗಿರಿ ಮೇಲಿನ ಮಂಜಿನಲ್ಲಿ ಎರಡು ಗಂಟೆ ಇದ್ದು ಬೆಚ್ಚಗಿನ ಕೋಣೆಗೆ ಬಂದರೆ ಲೆನ್ಸ್ ಬೆವರುತ್ತದೆ. ಆ ಬೆವರು ಕಾರ್ಡಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೂ ಕೂರುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟು ಆಮೇಲೆ ಕಾರ್ಡ್ ತೆಗೆಯಿರಿ. ಒದ್ದೆ ಇದ್ದರೆ ಒಣಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ಒರೆಸಿ. ಬಾಯಿಂದ ಊದಬೇಡಿ, ಉಸಿರಿನಲ್ಲಿ ಇರುವುದೂ ನೀರೇ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿ ಹೆಸರಾದ 3-2-1 ಸೂತ್ರ ಇದು. ಬೇರೆ ಜಾಗ ಅಂದರೆ ಕ್ಲೌಡ್ ಅಂತ ಪೇಟೆಯವರು ಸುಲಭವಾಗಿ ಹೇಳುತ್ತಾರೆ. ಎಸ್ಟೇಟ್ ಒಳಗಿನ ಹೋಮ್‌ಸ್ಟೇಯಲ್ಲಿ ಕೂತು 60 ಜಿಬಿ ಮೇಲೇರಿಸಲು ಹೋದರೆ ಮಳೆಗಾಲವೇ ಮುಗಿದೀತು. ನಮ್ಮ ಬೇರೆ ಜಾಗ ಬಹಳ ಸರಳ. ಲ್ಯಾಪ್‌ಟಾಪ್ ನನ್ನ ಬ್ಯಾಗಿನಲ್ಲಿ, ಹಾರ್ಡ್ ಡಿಸ್ಕ್ ಹುಡುಗನ ಬ್ಯಾಗಿನಲ್ಲಿ, ಕಾರ್ಡುಗಳು ನನ್ನ ಅಂಗಿಯ ಜೇಬಿನಲ್ಲಿ ಜಿಪ್ ಹಾಕಿದ ಪುಟ್ಟ ಡಬ್ಬಿಯೊಳಗೆ. ಅವನು ಬೈಕಿನಲ್ಲಿ ಹೋಗುತ್ತಾನೆ, ನಾನು ಕಾರಿನಲ್ಲಿ. ಊರು ಸೇರಿದ ಮೇಲೆ ಹಾರ್ಡ್ ಡಿಸ್ಕ್ ಅವನ ಮನೆಯಲ್ಲೇ ಉಳಿಯುತ್ತದೆ.

ಕಾರ್ಡ್ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ಒಂದು 256 ಜಿಬಿಗಿಂತ ನಾಲ್ಕು 64 ಜಿಬಿ ಮೇಲು ಅಂತ ನಾನು. ಒಂದು ಕೆಟ್ಟರೂ ಮದುವೆ ಪೂರ್ತಿ ಹೋಗುವುದಿಲ್ಲ. ಕಾರ್ಡ್ ಜಾಸ್ತಿ ಆದಷ್ಟೂ ಕಳೆಯುವುದು ಜಾಸ್ತಿ ಎಂದು ವಾದಿಸುವವರೂ ಇದ್ದಾರೆ, ಅದೂ ಸುಳ್ಳಲ್ಲ. ಕ್ಯಾಮೆರಾದಲ್ಲಿ ಎರಡು ಕಾರ್ಡಿನ ಜಾಗ ಇದ್ದರೆ ಈ ಜಗಳವೇ ಬೇಡ, ಎರಡರಲ್ಲೂ ಒಂದೇ ಫೋಟೋ ಬರೆಯುವ ಬ್ಯಾಕಪ್ ಆಯ್ಕೆ ಹಾಕಿ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ಆಯ್ಕೆ ಬೇರೆ, ಅದರಿಂದ ಜಾಗ ಸಿಗುತ್ತದೆ, ಭದ್ರತೆ ಸಿಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಗುರುತಿಲ್ಲದ ಕಡೆಯಿಂದ ತಂದ ಕಾರ್ಡನ್ನು ಕೆಲಸಕ್ಕೆ ಹಚ್ಚುವ ಮೊದಲು ಪೂರ್ತಿ ತುಂಬಿಸಿ, ಪೂರ್ತಿ ಓದಿಸಿ ನೋಡಿ. 16 ಜಿಬಿಯ ಚಿಪ್ ಇಟ್ಟುಕೊಂಡು 128 ಅಂತ ಸುಳ್ಳು ಹೇಳುವ ನಕಲಿ ಕಾರ್ಡುಗಳಿವೆ. ಎಚ್2ಟೆಸ್ಟ್‌ಡಬ್ಲ್ಯು ಮತ್ತು ಎಫ್3 ಎಂಬ ಉಚಿತ ಸಾಧನಗಳು ಈ ಸುಳ್ಳನ್ನು ಹಿಡಿಯುತ್ತವೆ.

ಫಾರ್ಮ್ಯಾಟ್, ಮತ್ತು ಆ ನಾಮಕರಣ

ಎರಡು ನಕಲು ಆಗಿ, ಪರೀಕ್ಷೆ ಆಗಿ, ಮುಂದಿನ ಶೂಟ್‌ಗೆ ಹೊರಡುವ ಹೊತ್ತಿಗೆ ಮಾತ್ರ ಫಾರ್ಮ್ಯಾಟ್. ಹಿಂದಿನ ರಾತ್ರಿ ಅಲ್ಲ. ನಿದ್ದೆಗಣ್ಣಿನ ತೀರ್ಮಾನಕ್ಕೆ ಒಂದು ಬೆಳಗಿನ ಅವಕಾಶ ಇರಲಿ. ಫಾರ್ಮ್ಯಾಟ್ ಮಾಡುವುದು ಕಂಪ್ಯೂಟರಿನಲ್ಲಲ್ಲ, ಕಾರ್ಡ್ ಬಳಸುವ ಕ್ಯಾಮೆರಾದಲ್ಲೇ. ಆಗ ಕ್ಯಾಮೆರಾ ತನಗೆ ಬೇಕಾದ ಪದ್ಧತಿಯ ಪಟ್ಟಿಯನ್ನೂ ಫೋಲ್ಡರ್‌ಗಳನ್ನೂ ಹೊಸದಾಗಿ ಹಾಕಿಕೊಳ್ಳುತ್ತದೆ.

ಸಾಮಾನ್ಯ ಫಾರ್ಮ್ಯಾಟ್ ಫೋಟೋಗಳನ್ನು ಅಳಿಸುವುದಿಲ್ಲ, ಪಟ್ಟಿಯನ್ನು ಮಾತ್ರ ಖಾಲಿ ಮಾಡುತ್ತದೆ. ಫೋಟೋದ ಬೈಟುಗಳು ಮೊದಲಿದ್ದಲ್ಲೇ ಇರುತ್ತವೆ, ಅವುಗಳ ಮೇಲೆ ಹೊಸ ಫೋಟೋ ಬರೆಯುವ ತನಕ. ಆದರೆ ಕೆಲವು ಕ್ಯಾಮೆರಾಗಳಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ ಎಂಬ ಆಯ್ಕೆ ಇದೆ, ಅದು ಒಳಗಿರುವುದನ್ನೂ ಒರೆಸುತ್ತದೆ. ಅದಾದ ಮೇಲೆ ಹುಡುಕಿ ಪ್ರಯೋಜನವಿಲ್ಲ.

ತಪ್ಪಾಗಿ ಫಾರ್ಮ್ಯಾಟ್ ಆಯಿತು ಅಂತ ಗೊತ್ತಾದ ಕ್ಷಣವೇ ಕಾರ್ಡನ್ನು ಹೊರಗೆ ತೆಗೆದು ಲಾಕ್ ಮಾಡಿ ಇಟ್ಟುಬಿಡಬೇಕು. ಇನ್ನೊಂದು ಫೋಟೋವನ್ನೂ ತೆಗೆಯಬಾರದು. ಆಮೇಲೆ ಫೋಟೋರೆಕ್‌ನಂಥ ಉಚಿತ ಸಾಧನದಿಂದ ಹುಡುಕಿಸಬಹುದು. ಅದು ಪಟ್ಟಿಯನ್ನು ನೆಚ್ಚಿಕೊಳ್ಳುವುದಿಲ್ಲ. ಪ್ರತಿ ಬಗೆಯ ಫೈಲಿನ ಶುರುವಿನಲ್ಲಿ ಒಂದು ನಿರ್ದಿಷ್ಟ ಗುರುತು ಇರುತ್ತದೆ. ಆ ಗುರುತು ಹುಡುಕುತ್ತಾ ಕಾರ್ಡಿನ ಮೊದಲಿನಿಂದ ಕೊನೆಯವರೆಗೂ ಹೋಗುತ್ತದೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬಾರದು, ಬೇರೆ ಡಿಸ್ಕಿಗೆ ಉಳಿಸಬೇಕು.

ನಾನು ಮೂರನೇ ದಿನ ಇದನ್ನೇ ಮಾಡಿದೆ. ಆದರೆ ಅಷ್ಟರಲ್ಲಿ ನೂರೈವತ್ತು ಹೊಸ ಫೋಟೋ ಅದರಲ್ಲಿ ಬಂದು ಕೂತಿದ್ದವು. ಖಾಲಿ ಪಟ್ಟಿ ಸಿಕ್ಕ ಕ್ಯಾಮೆರಾ ಮೊದಲಿನಿಂದಲೇ ಬರೆಯುತ್ತಾ ಬಂದಿತ್ತು. ಹಾಗಾಗಿ ಅಳಿದದ್ದು ನಾಮಕರಣದ ಶುರುವಿನ ಫೋಟೋಗಳು. ಪೂಜೆ, ತೊಟ್ಟಿಲು ಶಾಸ್ತ್ರ, ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದು. ಉಳಿದ ನಾನೂರಕ್ಕೂ ಹೆಚ್ಚು ಫೋಟೋ ವಾಪಸ್ ಬಂದವು. ಹಳೆಯ ಹೆಸರು ಒಂದಕ್ಕೂ ಇರಲಿಲ್ಲ, ಎಲ್ಲವೂ ಕಲಸಿದ ಅನ್ನದ ಹಾಗೆ. ಆದರೆ ಪ್ರತಿ ಫೋಟೋದೊಳಗೆ ತೆಗೆದ ಸಮಯದಂಥ ವಿವರಗಳು ಇರುತ್ತವೆ, ಅವಕ್ಕೆ ಎಕ್ಸಿಫ್ ಅನ್ನುತ್ತಾರೆ. ಸಮಯದ ಪ್ರಕಾರ ಜೋಡಿಸಿದರೆ ಸಾಲಾಗಿ ನಿಂತವು. ಕ್ಯಾಮೆರಾದ ಗಡಿಯಾರ ಸರಿ ಇಟ್ಟಿದ್ದೊಂದೇ ಆ ವಾರ ನಾನು ಮಾಡಿದ್ದ ಒಳ್ಳೆಯ ಕೆಲಸ.

ಊಟದ ಪಂಕ್ತಿಯ ಫೋಟೋ ಒಂದೂ ಹೋಗಿರಲಿಲ್ಲ. ಮೊದಲ ಪಂಕ್ತಿ, ಎರಡನೇ ಪಂಕ್ತಿ, ಹೋಳಿಗೆ ಬಡಿಸುವವರು, ಬೇಡ ಬೇಡ ಅನ್ನುತ್ತಾ ಎಲೆಗೆ ಕೈ ಅಡ್ಡ ಹಿಡಿದವರು, ಎಲ್ಲರೂ ಇದ್ದರು. ಮನೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ತೊಟ್ಟಿಲಿನ ಎರಡು ಫೋಟೋ ಮಗುವಿನ ಸೋದರಮಾವನ ಮೊಬೈಲಿನಲ್ಲಿ ಸಿಕ್ಕವು. ಸ್ವಲ್ಪ ಅಲುಗಾಡಿದ್ದವು. ಆಲ್ಬಮ್‌ನ ಮೊದಲ ಪುಟದಲ್ಲಿ ಈಗಲೂ ಅವೇ ಇವೆ.